ಪೈಲ್ವಾನನ ಹೆಗಲು

ಮೊನ್ನೆ ನಮ್ಮ ತಿಪ್ಪೇಸ್ವಾಮಿ ಮಕ್ಕಳ ಡಾಕ್ಟರ ಎದುರು ಗಳಗಳನೆ ಅತ್ತುಬಿಟ್ಟ. ಅರವತ್ತೆಂಟರ ಪೈಲ್ವಾನ! ಜೊತೆಗೆ ಹೋಗಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ತಿಪ್ಪೇಸ್ವಾಮಿ ಅಂದರೆ ನಮ್ಮ ದುರ್ಗದ ಗರಡಿಮನೆಯಲ್ಲಿ ನನ್ನ ಜೊತೆ ಕೆಮ್ಮಣ್ಣಿನಲ್ಲಿ ಹೊರಳಾಡಿದವನು. (ಅವನು ಕೆಡವುತ್ತಿದ್ದ, ನಾನು ಬೀಳುತ್ತಿದ್ದೆ.) ಆ ಎಣ್ಣೆ, ಮಣ್ಣು, ಬೆವರಿನ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಸಾಮು ಮುಗಿಸಿ, ಓಣಿಯ ಚಿಳ್ಳೆಪಿಳ್ಳೆಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಬೀದಿಗಿಳಿದರೆ ಹೆಂಗಸರು ಬಾಗಿಲಿಗೆ ಬಂದು ನೋಡೋರು. ಆಹಾ, ಎಂಥ ದಿನಗಳು!

ಈಚೆಗೆ ಆ ಹೆಗಲು ಸೋತಿತ್ತು. ನಾಲ್ಕು ವರ್ಷದ ಮೊಮ್ಮಗಳು ಚಿನ್ನಿಯನ್ನು ಎತ್ತಿದರೂ ಸುಸ್ತು. ಪರೀಕ್ಷೆ ಮಾಡಿಸಿದರೆ ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ತೀರಾ ಕಮ್ಮಿ. ಡಾಕ್ಟರು ದಿನಾ ಹೆಗಲಿಗೆ ಹಚ್ಚಲು ಆ ಹಾರ್ಮೋನಿನ ಜೆಲ್ ಕೊಟ್ಟರು. ಕೈ ತೊಳೆಯಬೇಕು, ಒಣಗಿದ ಮೇಲೆ ಅಂಗಿ ಹಾಕಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದ್ದರಂತೆ.

ಅಂಗಿ? ಗರಡಿಯವರು ಮನೆಯಲ್ಲಿ ಅಂಗಿ ಹಾಕಿದ್ದನ್ನು ಯಾರಾದರೂ ಕಂಡಿದ್ದೀರಾ? ನಮ್ಮವ ಎಣ್ಣೆ ತಿಕ್ಕಿದ ಹಾಗೆ ಜೆಲ್ ತಿಕ್ಕಿಕೊಂಡ. ಬರಿಮೈಯಲ್ಲೇ ಚಿನ್ನಿಯನ್ನು ಹೆಗಲಿಗೇರಿಸಿದ. ತಿಂಗಳುಗಟ್ಟಲೆ.

ಚಿನ್ನಿಯ ಮುಖದಲ್ಲಿ ಮೊಡವೆ ಎದ್ದವು. ಮೈಮೇಲೆ ಆ ವಯಸ್ಸಿಗೆ ಬರಬಾರದ ಕೂದಲು ಬಂತು. ಸೊಸೆ ಮಂಜುಳಾ ಕಂಗಾಲು. ನನ್ನ ಕಾರಿನಲ್ಲೇ ಎಲ್ಲರೂ ಮಕ್ಕಳ ಡಾಕ್ಟರ ಹತ್ತಿರ ಹೋದೆವು.

"ಮನೇಲಿ ಯಾರಾದ್ರೂ ಹಾರ್ಮೋನ್ ಜೆಲ್ ಹಚ್ಕಂತಾರಾ?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ" ಎಂದಳು ಮಂಜುಳಾ.

ಆಗಲೇ ತಿಪ್ಪೇಸ್ವಾಮಿ ಕುಸಿದದ್ದು. "ನಾನೇ ಕಣವ್ವ ಹಚ್ಕಂತಿದ್ದಿದ್ದು! ಕೂಸನ್ನ ಎತ್ಕಳಾಕೆ ಅಂತ ಹಚ್ಕಂಡೆ. ಕೂಸಿಗೇ ಕಂಟಕ ಆದ್ನಲ್ಲವ್ವ!"

"ಅಳಬ್ಯಾಡ್ರಿ. ಮೈಗೆ ಮೈ ತಾಗಿ ಔಷಧಿ ಮಗೂಗೂ ಹತ್ತೈತೆ. ಅದು ನಿಂತ್ರೆ ಬಹಳಷ್ಟು ಸರಿಹೋಗ್ತೈತೆ, ನಾನು ನೋಡ್ತಾ ಇರ್ತೀನಿ. ನೀವು ಇವತ್ತೇ ನಿಮ್ಮ ಡಾಕ್ಟರನ್ನ ಕಾಣ್ರಿ" ಎಂದರು ಡಾಕ್ಟರಮ್ಮ.

ಅವನ ಡಾಕ್ಟರು ಜೆಲ್ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದರು. ಜೆಲ್‌ನಿಂದ ಅವನ ರಕ್ತವೂ ಗಟ್ಟಿಯಾಗಿತ್ತು! (ಮುಖ ಕೆಂಪೇರಿದ್ದನ್ನು ಓಣಿಯವರು ಕಳೆ ಬಂದಿದೆ ಎಂದು ಹೊಗಳುತ್ತಿದ್ದರು.)

"ಮಂಜುಳಾಗೆ ಒಂದ್ ಮಾತು ಹೇಳಬಾರ್ದಿತ್ತೇನಲೇ?" ಎಂದೆ, ಸಿಟ್ಟಿನಿಂದಲೇ.

"ಗಂಡಸ್ತನದ ಔಷಧಿ ಅಂತ ಸೊಸೆ ಮುಂದೆ ಹೆಂಗಲೇ ಹೇಳಾದು?"

ಬಿ.ಪಿ., ಶುಗರ್ ಎಷ್ಟಿದೆ ಎಂದು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳುತ್ತೇವೆ. ಇದೊಂದನ್ನು ಮಾತ್ರ ಮನೆಯವರಿಂದಲೂ ಮುಚ್ಚಿಡುತ್ತೇವೆ.

ನಮ್ಮ ನಾಚಿಕೆಗೆ ಕೂಸು ಯಾಕೆ ದಂಡ ತೆರಬೇಕು, ಹೇಳಿ?