ಜೋಸಿಯ ಶೂ ಲೇಸು

ನನ್ನ ಪಕ್ಕದ ಮನೆಯ ಲೊರೆಟಾ ಹುಡಾಕ್ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಗಂಡನಿಲ್ಲ. ಮಗಳು ಜೋಸಿಗೆ ಹತ್ತು ವರ್ಷ, ಡೌನ್ ಸಿಂಡ್ರೋಮ್. ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಪೆನ್ಸಿಲ್ವೇನಿಯದ ನಮ್ಮ ಗಣಿ ಊರಿನ ಶಾಲೆಯವರು ಆ ಚಳಿಗಾಲ ಒಂದು ಮಾತು ಹೇಳಿದರು: ತರಗತಿಯಲ್ಲಿ ಇವಳಿಗೆಂದೇ ಸಹಾಯಕಿಯನ್ನು ಕೊಡಲಾಗದು, ಊರಾಚೆಯ ವಿಶೇಷ ಶಾಲೆಗೆ ಕಳಿಸುತ್ತೇವೆ.

ಇಂಥ ವಿಷಯ ಇತ್ಯರ್ಥವಾಗುವ ಸಭೆಗೆ ತಾಯಂದಿರು ತಮ್ಮ ಪರ ವಾದಿಸಲು ಒಬ್ಬ ಪ್ರತಿನಿಧಿಯನ್ನು ಕರೆದೊಯ್ಯುತ್ತಾರೆ. ವಕೀಲರೇ ಆಗಬೇಕೆಂದಿಲ್ಲ, ನಿಯಮ ಗೊತ್ತಿದ್ದು ಬಾಯಿ ಗಟ್ಟಿಯಿದ್ದರೆ ಸಾಕು. ಲೊರೆಟಾ ಯಾರನ್ನು ಕರೆಯಬೇಕೆಂಬುದು ಚರ್ಚಿನ ನೆಲಮಾಳಿಗೆಯಲ್ಲಿ, ಶುಕ್ರವಾರ ಮಾರುವ ಪಿರೋಗಿ ಕಡುಬಿಗೆ ಎಲ್ಲರೂ ಆಲೂಗಡ್ಡೆ ತುಂಬುತ್ತಿದ್ದಾಗ ತೀರ್ಮಾನವಾಯಿತು.

"ಇಂಥ ಸಭೆಗೆಲ್ಲ ಹೋಗ್ತಾಳಲ್ಲ, ಆ ಟ್ರಿಶ್ ಮಲಾಯ್‌ನ ಕರ್ಕೊಂಡು ಹೋಗೇ," ಎಂದಳು ಪಕ್ಕದಲ್ಲಿ ಕೂತಿದ್ದ ಬರ್ನಿಸ್. "ಅವಳ ಕಾರು ಕಂಡ್ರೇನೇ ಪ್ರಿನ್ಸಿಪಾಲ್ ಕಕ್ಕಸಿಗೆ ಓಡ್ತಾನೆ. ನೀನೊಬ್ಳೇ ಹೋದ್ರೆ ಕಾಫಿ ಕುಡಿಸಿ ಕಳಿಸ್ತಾರೆ ಅಷ್ಟೇ."

ಸಭೆಗೆ ನಾನೂ ಹೋಗಿದ್ದೆ. ಜೋಸಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಸಿಗದೆ ಅವಳನ್ನೂ ಕರೆದೊಯ್ದಿದ್ದೆವು. ಅವಳು ಮೇಜಿನ ತುದಿಯಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಟ್ರಿಶ್ ಚೆನ್ನಾಗಿಯೇ ವಾದಿಸಿದಳು.

"ಜೋಸಿಗೆ ಕೋಟಿನ ಗುಂಡಿ ಹಾಕಕ್ಕೆ ಬರಲ್ಲ. ಲೇಸು ಕಟ್ಟಕ್ಕೆ ಬರಲ್ಲ. ಒಬ್ಳೇ ಬಿಟ್ರೆ ಏನೂ ಬರಲ್ಲ. ಇನ್ನೇನ್ರೀ ತೋರಿಸ್ಬೇಕು ನಿಮಗೆ?"

ಲೇಸು ಕಟ್ಟುವುದನ್ನು ಜೋಸಿ ಕ್ರಿಸ್‌ಮಸ್ ಹೊತ್ತಿಗೆ ಕಲಿತಿದ್ದಳು. ಅದಕ್ಕೆ ಎರಡು ವರ್ಷ ಹಿಡಿದಿತ್ತು. ಲೊರೆಟಾ ಏನೋ ಹೇಳಲು ಬಾಯಿ ತೆರೆದಳು. ಟ್ರಿಶ್ ಮೇಜಿನಡಿಯಲ್ಲಿ ಅವಳ ಮೊಣಕಾಲು ಅದುಮಿದಳು. ಬೇಸಿಗೆಯವರೆಗೆ ಸಹಾಯಕಿ ಮಂಜೂರಾಯಿತು.

ಮರುದಿನ ಬೆಳಿಗ್ಗೆ ಜೋಸಿ ಕಾಲು ಚಾಚಿಕೊಂಡು ಕೂತಳು.

"ಏಳು ಚಿನ್ನ, ಬಸ್ಸು ಬರುತ್ತೆ. ಲೇಸು ಕಟ್ಕೋ," ಎಂದಳು ಲೊರೆಟಾ.

"ಜೋಸಿಗೆ ಲೇಸು ಕಟ್ಟಕ್ಕೆ ಬರಲ್ಲ. ಒಬ್ಳೇ ಬಿಟ್ರೆ ಏನೂ ಬರಲ್ಲ."

ಹುಟ್ಟಿದಾಗಿನಿಂದ ಅವಳು ಆಡಿದ್ದರಲ್ಲಿ ಅದೇ ಅತಿ ಉದ್ದದ ಮಾತು. ನನಗೆ ಹೇಳಲು ಓಡಿಬಂದ ಲೊರೆಟಾಳ ಕೈಯಲ್ಲಿ ಮಗುವಿನ ಒಂದು ಶೂ ಹಾಗೇ ಇತ್ತು. ಅಳಲಿಲ್ಲ. ಕೆನ್ನೆಗೆ ಏಟು ತಿಂದವಳ ಹಾಗೆ ಬಾಗಿಲಲ್ಲೇ ನಿಂತಳು.

ಅಲ್ಲಿಂದಲೇ ಟ್ರಿಶ್‌ಗೆ ಫೋನು ಮಾಡಿದಳು.

"ಗೆದ್ವಲ್ರೀ! ಅವಳಿಗೆ ಅರ್ಥ ಆಗುತ್ತೆ ಅಂತ ನಂಗೇನು ಗೊತ್ತು?"

"ಗೊತ್ತಿರಬೇಕಿತ್ತು. ಮುಂದಿನ ಸಭೆಗೆ ನೀವು ಬರೋದು ಬೇಡ."

ಬೇಸಿಗೆಯ ಸಭೆಗೆ ಹೊಸಬರನ್ನು ಆರಿಸಬೇಕಾಯಿತು. ಈ ಸಲ ಲೊರೆಟಾ ಯಾರ ಸಲಹೆಯನ್ನೂ ಕೇಳಲಿಲ್ಲ. ಬಂದವರಿಗೆಲ್ಲ ಅವಳದು ಒಂದೇ ಮಾತು: "ಅಲ್ಲಿ ಇವಳ ಬಗ್ಗೆ ಏನು ಹೇಳ್ತೀರೋ ಅದನ್ನ ಇಲ್ಲಿ ಇವಳ ಎದುರಿಗೇ ಹೇಳಿ." ಮೊದಲು ಬಂದಾಕೆ ಮಗುವನ್ನು ಆಚೆ ಕಳಿಸಿ ಎಂದಳು, ಲೊರೆಟಾ ಅವಳನ್ನೇ ಆಚೆ ಕಳಿಸಿದಳು. ಆಮೇಲೆ ಬಂದವನು ವಾಸ್ಕೊ, ನಿವೃತ್ತ ವ್ಯಾಯಾಮ ಶಿಕ್ಷಕ. ಜೋಸಿಯ ಕಡೆ ತಿರುಗಿ ಹೇಳಿದ:

"ಜೋಸಿ ಲೇಸು ಕಟ್ತಾಳೆ. ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತೆ. ಅದಕ್ಕೇ ಪಕ್ಕದಲ್ಲಿ ಒಬ್ರು ಬೇಕು."

ಜೋಸಿ ಅವನನ್ನು ದಿಟ್ಟಿಸಿದಳು. ಬಿಚ್ಚಿದ ಲೇಸಿನ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಕಟ್ಟಲಿಲ್ಲ.

ಲೊರೆಟಾ ವಾಸ್ಕೊನನ್ನೇ ಗೊತ್ತುಮಾಡಿದಳು. ಬೇಸಿಗೆಯ ಸಭೆಯಲ್ಲಿ ಅವನು ಅಷ್ಟನ್ನೇ ಹೇಳಿದ, ಸಹಾಯಕಿ ಉಳಿದಳು. ಜೋಸಿಯ ಲೇಸನ್ನು ಈಗಲೂ ಲೊರೆಟಾಳೇ ಕಟ್ಟುತ್ತಾಳೆ.