ಓಡದ ಟ್ಯಾಂಕಿನ ಕೆಸರು

ಮಾದಾಪುರದ ಸಾಫ್ಟ್‌ವೇರ್ ಆಫೀಸಿನಲ್ಲಿ ನಮ್ಮ ಟೀಮ್ ಲೀಡ್ ಹುಬ್ಬಳ್ಳಿ ಕಡೆಯವರು. ಗೇಣುದ್ದದ ಪ್ಲಾಸ್ಟಿಕ್ ಯುದ್ಧಟ್ಯಾಂಕೊಂದನ್ನು ತಮ್ಮ ಮೇಜಿನ ಮೇಲೆ ಐದು ತಿಂಗಳು ಜೋಡಿಸಿ, ಆಮೇಲೆ ಅದನ್ನು ಹಳತು ಮಾಡಲು ಕೂತರು. ಹಲ್ಲುಕಡ್ಡಿಯ ತುದಿಯಿಂದ ತುಕ್ಕಿನ ಬಣ್ಣ ಇಡುತ್ತಿದ್ದರು, ಸ್ಪಂಜಿನಿಂದ ಕೆಸರು ಒತ್ತುತ್ತಿದ್ದರು, ತಲೆ ಓರೆ ಮಾಡಿ ನೋಡಿ ಅರ್ಧ ಒರೆಸುತ್ತಿದ್ದರು. "ಕಂಡೂ ಕಾಣದಂಗ ಇರಬೇಕ್ರಿ" ಎನ್ನುತ್ತಿದ್ದರು. ಅವರ ಪ್ರೋಗ್ರಾಮಿನಲ್ಲಿ ನಾನು ದೋಷ ತೋರಿಸಿದಾಗಲೂ ತಲೆ ಹಾಗೆಯೇ ಓರೆಯಾಗುತ್ತಿತ್ತು. ಮರುದಿನ ಪ್ರೋಗ್ರಾಂ ಇದ್ದಂತೆಯೇ ಇದ್ದು, ಅದರ ವಿವರಣೆ ಬದಲಾಗಿರುತ್ತಿತ್ತು.

ಭಾನುವಾರ ನಡೆಯಲಿದ್ದ ಇಂಥ ಮಾದರಿಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಮ್ಮದೇ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದರು. 'ರಣರಂಗದಿಂದ ಮರಳಿದ ಟ್ಯಾಂಕ್' ಎಂದು ಬರೆದು ಪಕ್ಕದಲ್ಲಿಡುವ ಚೀಟಿಯೂ ಸಿದ್ಧವಾಗಿತ್ತು. ಶುಕ್ರವಾರ ಊಟದ ಹೊತ್ತಿನಲ್ಲಿ, ಎದುರಿನ ನಿವೇಶನದಲ್ಲಿ ಪಾಯ ಅಗೆಯುತ್ತಿದ್ದ ಯಂತ್ರದ ಡ್ರೈವರಿಗೆ ಅದನ್ನು ತೋರಿಸಿದರು. ಯಾದಗಿರಿಯವನು. ಅವನ ಯಂತ್ರವೂ ಟ್ಯಾಂಕಿನಂತೆ ಕಬ್ಬಿಣದ ಚೈನಿನ ಮೇಲೆ ಓಡುವಂಥದ್ದು.

ಅವನು ಟ್ಯಾಂಕನ್ನು ಬೋರಲು ಹಾಕಿ ನೋಡಿದ. "ಭಾಳ ಚಂದ ಮಾಡೀರಿ ಸಾಹೇಬ್ರ. ಆದ್ರ ಇದು ಓಡಿಲ್ಲ ಬಿಡ್ರಿ."

"ಅಷ್ಟ್ ಕೆಸರು ಐತಲ್ಲೋ?"

"ಕೆಸರು ಐತ್ರಿ. ಓಡಿದ್ರ ಚೈನಿನ ತಳ ನೆಲಕ್ಕ ಉಜ್ಜಿ ಬೆಳ್ಳಿಯಂಗ ಮಿಂಚತೈತಿ. ನೀವು ಅಲ್ಲೇ ತುಕ್ಕು ಹಚ್ಚೀರಿ. ನಮ್ದು ನೋಡ್ರಿ."

ನೋಡಿದೆವು. ಮಿಂಚುತ್ತಿತ್ತು. ಲೀಡ್ ತಲೆ ಓರೆ ಮಾಡಿದರು.

ಸೋಮವಾರ ಟ್ಯಾಂಕ್ ಮೊದಲ ಬಹುಮಾನದೊಂದಿಗೆ ಮೇಜಿಗೆ ಮರಳಿತು. ಚೈನಿನ ತಳದಲ್ಲಿ ಅದೇ ತುಕ್ಕು. ಚೀಟಿ ಮಾತ್ರ ಹೊಸದು: 'ಹತ್ತು ವರ್ಷ ಶೆಡ್ಡಿನಲ್ಲಿ ನಿಂತ ಟ್ಯಾಂಕ್.'

ಶೆಡ್ಡಿನೊಳಗೆ ಅಷ್ಟು ಹಸಿ ಕೆಸರು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಆ ವಾರ ನನ್ನ ಅಪ್ರೈಸಲ್ ಇತ್ತು, ಬರೆಯುವವರು ಅವರೇ.