ಶರಣವ್ವ ಅರಿಷಿಣ ಹಚ್ಚಿದ ಕಾಳು

ನಾನು ನಿಂತಿದ್ದು ಯಂತ್ರದಿಂದ ಎರಡು ಹೆಜ್ಜೆ ದೂರದಲ್ಲಿ, ಕಿಟಕಿಗೆ ಬೆನ್ನು ಮಾಡಿ. ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ. ಶರಣವ್ವ ಬಾಗಿಲ ಬಳಿ, ಮೊರವನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ನನ್ನ ಬಾಯಿಂದ ಒಂದು ಸುಳ್ಳು ಹೊರಡುವುದರಲ್ಲಿತ್ತು. ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ಕುಷ್ಟಗಿಯ ಹೊರವಲಯದಲ್ಲಿ ನಮ್ಮ ಸಣ್ಣ ಪ್ರಯೋಗಾಲಯವಿದೆ. ಶೇಂಗಾಕ್ಕೆ ಹಿಡಿಯುವ ಹಸಿರು ಬೂಷ್ಟು ವಿಷ ಬಿಡುತ್ತದೆ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬೂಷ್ಟನ್ನು ಮೊದಲೇ ಕೊಲ್ಲಬೇಕು. ನಮ್ಮ ಯಂತ್ರದಲ್ಲಿ ಗಾಳಿಗೆ ಹೆಚ್ಚು ಒತ್ತಡದ ಕರೆಂಟು ಕೊಟ್ಟರೆ ನೇರಳೆ ಬೆಳಕು ಹುಟ್ಟುತ್ತದೆ. ಅದು ಕಾಳನ್ನು ಸುಡದೆ ಬೂಷ್ಟನ್ನು ಸಾಯಿಸಬಲ್ಲದು. ಅದನ್ನು ನಾವು ಶೀತ ಪ್ಲಾಸ್ಮಾ ಎನ್ನುತ್ತಿದ್ದೆವು. ಶರಣವ್ವ ‘ತಣ್ಣನ ಮಿಂಚು’ ಎನ್ನುತ್ತಿದ್ದಳು.

ಆಕೆ ಕಾಳು ಆರಿಸುವ ಕೂಲಿಗೆ ಬರುತ್ತಿದ್ದಳು. ವಯಸ್ಸು ಅರವತ್ತರ ಮೇಲೆ. ಚೀಲದ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, “ಇದು ಕೆಟ್ಟೈತಿ” ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ನನ್ನ ಸೂಕ್ಷ್ಮದರ್ಶಕ ಅದನ್ನೇ ಮೂರು ದಿನ ತಡವಾಗಿ ಹೇಳುತ್ತಿತ್ತು. “ನೀವು ಗಾಜಿನ್ಯಾಗ ನೋಡಿ ಹೇಳೂದ್ರಾಗ ಬೂಷ್ಟು ಮೊಮ್ಮಕ್ಕಳನ್ನ ಕಾಣ್ತೈತ್ರಿ ಸರ” ಎಂದು ನಗುತ್ತಿದ್ದಳು.

ಪ್ರಯೋಗಕ್ಕೆ ಎರಡು ಪಾಲು ಶೇಂಗಾ ತೆಗೆದಿದ್ದೆವು. ಒಂದಕ್ಕೆ ಬೆಳಕು ತೋರಿಸಿದೆವು, ಇನ್ನೊಂದಕ್ಕೆ ಇಲ್ಲ. ಎರಡನ್ನೂ ತೇವದ ಡಬ್ಬಿಯಲ್ಲಿ ಹತ್ತು ದಿನ ಇಟ್ಟೆವು. ಬೆಳಕು ಕಂಡ ಕಾಳಿನಲ್ಲಿ ಒಂದಕ್ಕೂ ಬೂಷ್ಟು ಬರಲಿಲ್ಲ. ಇನ್ನೊಂದು ಪಾಲು ಹಸಿರಾಯಿತು. ಬೆಳಕು ಕಂಡ ಸಿಪ್ಪೆಗಳ ಮೇಲೆ ತುಸು ಹಳದಿ ಛಾಯೆ ಇತ್ತು. ಅದನ್ನೂ ಯಂತ್ರದ ಗುಣವೆಂದೇ ಬರೆದುಕೊಂಡು ರೈತರಿಗೆ ಹೇಳಿಕಳಿಸಿದೆ.

ಅಂದು ಬಂದವರು ಇಬ್ಬರೇ: ಅಕ್ಕಿ ಗಿರಣಿಯ ವೆಂಕಟರಾವ್, ಯಲಬುರ್ಗಾ ಕಡೆಯ ಮಂಗಳೂರಿನ ರೈತ ಬಸಪ್ಪ. ಬಸಪ್ಪ ಕೇಳಿದ: “ಅಂದ್ರ ಈ ಬೆಳಕ ತೋರಿಸಿದ ಶೇಂಗಾ ಎಷ್ಟ ದಿನ ಇಟ್ರೂ ಹುಡುಗರಿಗೆ ತಿನ್ನಾಕ ಕೊಡಬಹುದೇನ್ರಿ?”

ಹೌದು ಎನ್ನಲು ಬಾಯಿ ತೆರೆದೆ.

“ತಡೀರಿ ಸರ,” ಎಂದಳು ಶರಣವ್ವ. “ಆ ಕಾಳಿಗೆ ನಾ ಅರಿಷಿಣ ಹಚ್ಚೇನಿ.”

ಯಂತ್ರ ನಡೆಸುತ್ತಿದ್ದ ನಸ್ರೀನ್ ತಿರುಗಿ ನೋಡಿದಳು. “ಯಾವ ಕಾಳಿಗೆ ಅವ್ವಾ?”

“ಮಿಷಿನ್ನಿಗೆ ಹೋಗೂ ಕಾಳಿಗೆ. ಅರಿಷಿಣ ನೀರಾಗ ಹೊರಳಿಸಿ, ಒರಿಸಿ, ಒಣಗಿಸಿ ಕೊಟ್ಟೇನಿ. ಬಿತ್ತಾಕ ಹೋಗೂ ಬೀಜ ಅರಿಷಿಣ ಇಲ್ಲದ ನಮ್ಮ ಹೊಸ್ತಿಲಾ ದಾಟೂದಿಲ್ಲ. ಇದು ಮಿಂಚಿನ್ಯಾಗ ಹೊಂಟೈತಿ. ಗಂಡನ ಮನಿಗೆ ಹೋಗೂ ಮಗಳಿಗೆ ಹಚ್ಚೂದಿಲ್ಲೇನು?”

“ಇನ್ನೊಂದು ಪಾಲಿಗೆ?”

“ಅದೆಲ್ಲಿಗೆ ಹೊಂಟೈತವ್ವಾ? ಅದಕ್ಯಾಕ?”

ಸಿಪ್ಪೆಗಳ ಹಳದಿ ಛಾಯೆಯನ್ನು ಮತ್ತೊಮ್ಮೆ ನೋಡಿದೆ. ಅರಿಷಿಣವೂ ಬೂಷ್ಟನ್ನು ತಡೆಯುತ್ತದೆ. ಕಾಳನ್ನು ಕಾಪಾಡಿದ್ದು ಬೆಳಕೋ ಅರಿಷಿಣವೋ ನಾನು ಹೇಳುವಂತಿರಲಿಲ್ಲ.

“ನಾಳಿಂದ ಬರಬ್ಯಾಡ ಅಂದ್ರ ಬರೂದಿಲ್ರಿ,” ಎಂದಳು. “ಆದ್ರ ಅದು ಹುಡುಗರ ಹೊಟ್ಟಿಗೆ ಹೋಗೂದು. ಹೇಳದ ಹ್ಯಾಂಗ ಇರ್ಲಿ?”

ಬಸಪ್ಪನಿಗೆ “ನನಗೆ ಗೊತ್ತಿಲ್ಲ” ಎಂದೆ. ಆತ ತಲೆಯಾಡಿಸಿ, “ಗೊತ್ತೈತಿ ಅನ್ನೋರು ಭಾಳ ಮಂದಿ ಬಂದು ಹೋಗ್ಯಾರ್ರಿ. ನೀವು ಇನ್ನೊಮ್ಮೆ ನೋಡ್ರಿ” ಎಂದ.

ಮರುದಿನವೂ ಶರಣವ್ವನೇ ಕಾಳು ಆರಿಸಿದಳು. ಈ ಸಲ ಅರಿಷಿಣವಿಲ್ಲದೆ ತಟ್ಟೆ ಕೊಡುವಾಗ ಆಕೆಯ ಕೈ ಅರೆಕ್ಷಣ ತಡೆಯಿತು. “ಬರೇ ಹಣೀಲೆ ಕಳಿಸಾಕತ್ತೇನಿ” ಎಂದು ಕಾಳಿಗೇ ಹೇಳಿದಳು. ಹತ್ತು ದಿನದ ಮೇಲೆ ಫಲಿತಾಂಶ ಬಂತು: ಬೆಳಕು ಬೂಷ್ಟನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ; ತೇವ ಸಿಕ್ಕರೆ ಮತ್ತೆ ಬರುತ್ತದೆ. ಅಷ್ಟನ್ನೇ ಬರೆದೆವು. ರೈತರಿಗೂ ಅಷ್ಟನ್ನೇ ಹೇಳುತ್ತೇವೆ: ಒಣಗಿಸಿ, ಕೆಟ್ಟದ್ದು ಆರಿಸಿ ತೆಗೆಯಿರಿ, ಬೆಳಕು ಆಮೇಲಿನ ಮಾತು.

ಹೋದ ಚಳಿಗಾಲದಲ್ಲಿ ಶರಣವ್ವ ತೀರಿಕೊಂಡಳು. ವರದಿಯಲ್ಲಿ ಕೂಲಿಯವರ ಹೆಸರಿಗೆ ಜಾಗವಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆಕೆ “ತಡೀರಿ” ಎಂದದ್ದನ್ನು ನನ್ನ ಜೊತೆ ಕೇಳಿದವರು ಮೂವರು: ನಸ್ರೀನ್, ಈಗ ಕೊಪ್ಪಳದಲ್ಲಿ ಪಾಠ ಮಾಡುತ್ತಾಳೆ. ಗಂಗಾವತಿಯ ಅಕ್ಕಿ ಗಿರಣಿಯಿಂದ ಯಂತ್ರ ನೋಡಲು ಬಂದಿದ್ದ ವೆಂಕಟರಾವ್. ಮಂಗಳೂರಿನ ಬಸಪ್ಪ. ಮೂವರೂ ಇದ್ದಾರೆ, ಬೇಕಾದರೆ ಕೇಳಿ ನೋಡಬಹುದು.